ತುಟಿಯಲ್ಲಿ ಗುಂಡುಸೂಜಿ

ದರ್ಜಿಗಳು ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ವಾದಿಸಿದರೆ, ಆತ ಹುಟ್ಟಿದಾಗಿನಿಂದ ಒಂದು ಅಂಗಿಯನ್ನೂ ಹೊಲಿಸಿದವನಲ್ಲ ಎಂದು ತಿಳಿದುಕೊಳ್ಳಬಹುದು. ‘ನಾಳೆ ಬನ್ನಿ’ ಎಂಬ ಮಾತು ಹುಟ್ಟಿದ್ದೇ ಅವರ ಅಂಗಡಿಯಲ್ಲಿ. ಆದರೆ ಸೇತುವೆ ಪಕ್ಕದ ಓಣಿಯಲ್ಲಿ ಕೋಟು ಹೊಲಿಯುತ್ತಿದ್ದ ಮಾಸ್ಟರ್ ಅಷ್ಟು ಸುಳ್ಳನ್ನೂ ಹೇಳುತ್ತಿರಲಿಲ್ಲ. ಬಟ್ಟೆ ಕೊಟ್ಟವರು ಬಾಗಿಲಲ್ಲಿ ಕಂಡ ಕೂಡಲೇ ಅವನ ಕೈ ಸೂಜಿಮೆತ್ತೆಗೆ ಹೋಗುತ್ತಿತ್ತು. ನಾಲ್ಕಾರು ಗುಂಡುಸೂಜಿ ಕಿತ್ತು ತುಟಿಗಳ ನಡುವೆ ಕಚ್ಚಿಕೊಂಡು, ಮೇಜಿನ ಮೇಲಿದ್ದ ಯಾರದೋ ತೋಳಿನ ಮೇಲೆ ಬಗ್ಗಿಬಿಡುತ್ತಿದ್ದ. ‘ಆಯ್ತಾ ಮಾಸ್ಟ್ರೇ?’ ಎಂದರೆ ಹೌದೋ ಅಲ್ಲವೋ ತಿಳಿಯದ ಒಂದು ಸದ್ದು ಬರುತ್ತಿತ್ತು. ಬಾಯಿ ತುಂಬ ಸೂಜಿ ಇಟ್ಟುಕೊಂಡವನ ಜೊತೆ ಜಗಳಕ್ಕೆ ನಿಲ್ಲುವವರು ಯಾರು? ಬೈದುಕೊಂಡು ಹೋಗುತ್ತಿದ್ದರು, ಮರುವಾರ ಬರುತ್ತಿದ್ದರು. ಕೋಟು ಮಾತ್ರ ಮೈಗೆ ಅಂಟಿಸಿದ ಹಾಗೆ ಕೂರುತ್ತಿತ್ತು, ಅದಕ್ಕೇ ಸಹಿಸಿಕೊಂಡಿದ್ದರು.

ಮಾಸ್ಟರ್ ಕೊಲೆ ಕೇಸಿನಲ್ಲಿ ಹನ್ನೊಂದು ವರ್ಷ ಜೈಲಿನಲ್ಲಿದ್ದು ಬಂದವನು. ಓಣಿಗೆಲ್ಲ ಗೊತ್ತಿದ್ದ ಸಂಗತಿಯೇ. ಸತ್ತವನು ಅವನ ಹೆಂಡತಿಯ ಅಣ್ಣ, ಸತ್ತದ್ದು ಮಾಸ್ಟರ್‌ನ ಹಳೆಯ ಅಂಗಡಿಯಲ್ಲಿ, ಹೊಟ್ಟೆಯಲ್ಲಿದ್ದದ್ದು ಮಾಸ್ಟರ್‌ನ ಕತ್ತರಿ. ‘ನಾನೇ’ ಎಂದು ಅವನೇ ಒಪ್ಪಿಕೊಂಡ ಮೇಲೆ ಬೇರೆ ಯಾರಿಗೂ ತಲೆ ಕೆಡಿಸಿಕೊಳ್ಳುವ ಕೆಲಸ ಉಳಿಯಲಿಲ್ಲ. ಅವನು ಒಳಗಿದ್ದಾಗಲೇ ಹೆಂಡತಿ ಕಾಯಿಲೆಯಿಂದ ತೀರಿಕೊಂಡಳು. ಮಗಳನ್ನು ಸಾಕಿದವಳು ಅಜ್ಜಿ, ಅಂದರೆ ಸತ್ತವನ ಹೆತ್ತ ತಾಯಿ. ಆ ಮುದುಕಿ ಮೊಮ್ಮಗಳಿಗೆ ಅನ್ನದ ಜೊತೆ ಅಳಿಯನ ಮೇಲಿನ ಶಾಪವನ್ನೂ ಕಲಸಿ ತಿನ್ನಿಸಿದಳು. ನಿಮ್ಮಮ್ಮ ದೇವತೆ, ನಿಮ್ಮಪ್ಪ ಅವಳ ಬದುಕಿಗೆ ಬೆಂಕಿ ಇಟ್ಟ ರಾಕ್ಷಸ. ತಪ್ಪು ಮುದುಕಿಯದಲ್ಲ, ಅವಳಿಗೆ ಗೊತ್ತಿದ್ದದ್ದೇ ಅಷ್ಟು.

ಅಜ್ಜಿ ಹೋದ ಮೇಲೆ ಮಗಳು ತಂದೆಯ ಹತ್ತಿರ ಬಂದಳು. ಬರುವಾಗ ಒಂದೇ ಷರತ್ತು ಹಾಕಿದಳು: ಅಮ್ಮನ ಫೋಟೋ ಅಂಗಡಿಯ ಗೋಡೆಯ ಮೇಲೆ ಇರಬೇಕು, ದಿನಾ ನಿಮ್ಮ ಕಣ್ಣಿಗೆ ಬೀಳಬೇಕು. ಮಾಸ್ಟರ್ ತಾನೇ ಮೊಳೆ ಹೊಡೆದು ತೂಗುಹಾಕಿದ. ಮೊದಲ ವರ್ಷವೆಲ್ಲ ಅವಳು ಬಾಡಿಗೆಗೆ ಬಂದವರ ಹಾಗೆ ‘ನೀವು’ ಎಂದೇ ಮಾತಾಡಿಸಿದಳು. ಒಮ್ಮೆ ಅವನಿಗೆ ಜ್ವರ ಬಂದು ಮಲಗಿದಾಗ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಈ ಹುಡುಗಿ ಮಾತ್ರೆ ಹಿಡಿದು ನಿಂತು, ‘ಅಪ್ಪಾ, ನುಂಗು ಮೊದಲು’ ಎಂದು ಗದರಿದಳು. ಆ ಜ್ವರ ಇನ್ನೆರಡು ದಿನ ಇರಲಿ ಎಂದು ಮಾಸ್ಟರ್ ಹಾರೈಸಿದ್ದು ಸುಳ್ಳಲ್ಲ. ಆಮೇಲೆ ಅವನು ಅವಳ ಚಿಕ್ಕಂದಿನ ಹೆಸರನ್ನು ಹೆದರಿ ಹೆದರಿ ಹೊರತೆಗೆದ: ಗುಬ್ಬಿ. ಅವಳು ಬೇಡ ಎನ್ನಲಿಲ್ಲ. ದಿನಾ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಮಾಸ್ಟರ್ ಸೂಜಿ ಕಚ್ಚಿಕೊಂಡೇ ಗದ್ದ ಒಂಚೂರು ಮೇಲೆತ್ತುತ್ತಿದ್ದ. ಹೊರಡು, ಇಲ್ಲಿ ನಾನಿದ್ದೀನಿ ಎಂದು ಅದರ ಅರ್ಥ.

ಒಂದೊಂದು ಸಲ ಅವಳು ಫೋಟೋ ನೋಡುತ್ತಾ ಕೇಳುವಳು, ‘ಅಪ್ಪಾ, ಅಮ್ಮ ನಿನ್ನ ನೋಡೋಕೆ ಜೈಲಿಗೆ ಬರ್ತಿದ್ಲಾ?’ ಅವಳು ಒಮ್ಮೆಯೂ ಬಂದಿರಲಿಲ್ಲ. ಮಾಸ್ಟರ್ ಕೈ ಸೂಜಿಮೆತ್ತೆಗೆ ಹೋಗುತ್ತಿತ್ತು.

ಹೀಗಿರುವಾಗ ಪೇಸ್ಟು ಬಂದ. ಅವನ ನಿಜವಾದ ಹೆಸರು ಪೋಸ್ಟರುಗಳಲ್ಲಿತ್ತು, ಆದರೆ ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿನಲ್ಲಿ ಮೂವತ್ತೆರಡೂ ತೋರಿಸಿ ಮನೆಮಾತಾದವನನ್ನು ಓಣಿಯ ಜನ ಇನ್ನೇನೆಂದು ಕರೆದಾರು? ಹೀರೋ ಆಗಿ ಹತ್ತಾರು ಸಿನಿಮಾ ಮಾಡಿದ್ದ. ಎಲ್ಲದರಲ್ಲೂ ನಗುವುದು, ಕುಣಿಯುವುದು, ಕೊನೆಗೆ ಮದುವೆಯಾಗುವುದು. ಈಗ ನಲವತ್ತು ದಾಟಿತ್ತು, ನಗುವಿಗೆ ಗಿರಾಕಿ ಕಡಿಮೆಯಾಗಿದ್ದರು. ಯಾರೋ ಹೊಸ ನಿರ್ದೇಶಕ ಒಂದು ಕ್ರೈಮ್ ಕಥೆ ಹಿಡಿದು ಬಂದಿದ್ದ: ದರ್ಜಿಯೊಬ್ಬ ಕೊಲೆಗಾರನಾಗುವ ಕಥೆ. ಪೇಸ್ಟು ಹೊಲಿಗೆ ಕಲಿಯಬೇಕೆಂದು ಮಾಸ್ಟರ್ ಮುಂದೆ ಕೈಕಟ್ಟಿ ನಿಂತ.

‘ಹೊಲಿಗೆ ಕಲಿಸೋ ದರ್ಜಿಗಳು ಊರು ತುಂಬ ಇದ್ದಾರೆ,’ ಎಂದ ಮಾಸ್ಟರ್. ‘ಕೊಲೆ ಮಾಡಿದ ದರ್ಜಿ ನಾನೊಬ್ಬನೇ ಅಂತ ಬಂದ್ಯೇನೋ?’

ಬೇರೆಯವನಾಗಿದ್ದರೆ ಇಲ್ಲ ಎಂದು ನಾಲಿಗೆ ಕಚ್ಚುತ್ತಿದ್ದ. ಪೇಸ್ಟು, ‘ಹೌದು ಮಾಸ್ಟ್ರೇ’ ಎಂದುಬಿಟ್ಟ. ಆ ಒಂದು ನಿಜಕ್ಕೆ ಮಾಸ್ಟರ್ ಬಿದ್ದುಹೋದ.

ಆಮೇಲೆ ಪೇಸ್ಟು ದಿನಾ ಬಂದ. ಮೊದಮೊದಲು ಜನ ಸೆಲ್ಫಿಗೆಂದು ಮುತ್ತಿದರು, ಮಾಸ್ಟರ್ ಒಬ್ಬೊಬ್ಬರ ಕೈಗೂ ಹೊಲಿಗೆ ಬಿಚ್ಚಬೇಕಾದ ಹಳೆಯ ಪ್ಯಾಂಟು ಕೊಟ್ಟ ಮೇಲೆ ಮುತ್ತುವುದು ನಿಂತಿತು. ಪೇಸ್ಟು ಗುಂಡಿ ಹಾಕಲು ಕಲಿತ, ಕಾಜ ಮಾಡಲು ಕಲಿತ, ಕಾಯಿಸಿದ ಇಸ್ತ್ರಿಯಿಂದ ಬೆರಳು ಸುಟ್ಟುಕೊಂಡ. ಮಾಸ್ಟರ್ ಮನೆಯಲ್ಲಿ ಉಂಡ, ಗುಬ್ಬಿಯ ಕೈಯಲ್ಲಿ ಬೈಸಿಕೊಂಡ, ಅವಳಿಂದ ‘ಚಿಕ್ಕಪ್ಪ’ ಎನ್ನಿಸಿಕೊಂಡ. ಮಾಸ್ಟರ್‌ಗೆ ಒಡಹುಟ್ಟಿದವರಿರಲಿಲ್ಲ. ಜೈಲಿನಿಂದ ಬಂದವನ ಪಕ್ಕ ಕುಳಿತು ಟೀ ಕುಡಿಯಲು ಹಿಂಜರಿಯದ ಮೊದಲ ಗಂಡಸು ಇವನೇ. ಸೂಜಿಯ ಗುಟ್ಟನ್ನೂ ಅವನಿಗೆ ಹೇಳಿಕೊಟ್ಟ: ‘ಹೇಳಬಾರದ್ದು ಬಾಯಿಗೆ ಬಂತು ಅಂದ್ಕೋ, ಸೂಜಿ ಕಚ್ಕೋ. ತುಟಿ ತೆರೆದ್ರೆ ಚುಚ್ಚುತ್ತೆ.’ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಸಿನಿಮಾಕ್ಕೆ ಬೇಕಾದ ಕೋಟನ್ನು ತಾನೇ ಹೊಲಿದುಕೊಡುತ್ತೇನೆ ಎಂದ ಮಾಸ್ಟರ್. ಅಳತೆಗೆ ಟೇಪು ತೆಗೆದಾಗ ಪೇಸ್ಟು ತಡೆದ. ‘ನನ್ನ ಅಳತೆ ಬೇಡ ಮಾಸ್ಟ್ರೇ. ನಿಮ್ಮ ಅಳತೆಗೇ ಹೊಲೀರಿ. ನಾನು ಅದರೊಳಗೆ ಹೊಂದ್ಕೋತೀನಿ.’

ಮಾಸ್ಟರ್ ನಕ್ಕ. ಆದರೆ ವಾರ ಕಳೆದಂತೆ ಪೇಸ್ಟು ನಿಜಕ್ಕೂ ಕರಗುತ್ತಾ ಬಂದ. ಕೆನ್ನೆ ಒಳಹೋಯಿತು. ಇಸ್ತ್ರಿ ಎತ್ತಿ ಎತ್ತಿ ಮಾಸ್ಟರ್‌ನ ಬಲಭುಜ ಇಳಿದಿತ್ತು, ಅದೇ ಭುಜ ಪೇಸ್ಟುವಿಗೂ ಇಳಿಯಿತು. ಒಂದು ದಿನ ಅವನು ಬೆನ್ನು ಹಾಕಿ ನಿಂತಿದ್ದಾಗ ಗುಬ್ಬಿ ಒಳಗೆ ಬಂದು, ‘ಅಪ್ಪಾ, ಊಟಕ್ಕೆ ಏಳು’ ಎಂದಳು. ತಿರುಗಿದ ಮುಖ ನೋಡಿ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ಟರ್‌ಗೆ ಅದು ಹೆಮ್ಮೆಯ ಸಂಗತಿಯಂತೆಯೇ ತೋರಿತು.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮೆಷಿನ್ನು, ಇಸ್ತ್ರಿ ಎರಡೂ ಸುಮ್ಮನಿದ್ದವು. ಪೇಸ್ಟು ಏನನ್ನೂ ಕೇಳಲಿಲ್ಲ, ಸುಮ್ಮನೆ ಕುಳಿತಿದ್ದ. ಕೇಳಿದ್ದರೆ ಮಾಸ್ಟರ್ ಸೂಜಿ ಕಚ್ಚಿಕೊಳ್ಳುತ್ತಿದ್ದ. ಕೇಳದವನಿಗೆ ಏನು ಮಾಡುವುದು? ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ತಾನಾಗಿಯೇ ಬಾಯಿಗೆ ಬಂತು.

‘ನಾನಲ್ಲ ಕಣೋ ಮಾಡಿದ್ದು,’ ಎಂದ.

ಅವತ್ತು ಅವನು ಹಿಂದಿನ ಕೋಣೆಯಲ್ಲಿ ಒಂದು ಕೋಟಿಗೆ ಸೂಜಿ ಚುಚ್ಚುತ್ತಿದ್ದ, ಬಾಯಲ್ಲಿ ಸೂಜಿಗಳಿದ್ದವು. ಮುಂದಿನ ಕೋಣೆಯಲ್ಲಿ ಭಾವಮೈದ ತನ್ನ ತಂಗಿಯ ಮೇಲೆ, ಅಂದರೆ ಮಾಸ್ಟರ್‌ನ ಹೆಂಡತಿಯ ಮೇಲೆ, ಕೂಗಾಡುತ್ತಿದ್ದ. ದರ್ಜಿಯನ್ನು ಕಟ್ಟಿಕೊಂಡದ್ದಕ್ಕೆ ಅವಳನ್ನು ಅವನು ಹಿಂದೆಯೂ ಹೊಡೆದದ್ದುಂಟು. ಮಾಸ್ಟರ್ ಮುಂದೆ ಬರುವಷ್ಟರಲ್ಲಿ ಅವನು ನೆಲದ ಮೇಲಿದ್ದ. ಅವಳ ಕೈ ಕೆಂಪಾಗಿತ್ತು. ಮೂಲೆಯಲ್ಲಿ ಮಗು ಮಲಗಿತ್ತು. ಮಾಸ್ಟರ್ ಅವಳ ಕೈಯನ್ನು ಅವಳ ಶಾಲಿನೊಳಗೆ ತಳ್ಳಿ, ಮಗುವನ್ನು ಸೊಂಟದ ಮೇಲೆ ಕೂರಿಸಿದ. ಹೊರಡು ಎಂದು ಗದ್ದ ಎತ್ತಿದ. ಪೊಲೀಸರು ಬಂದು ಯಾರು ಮಾಡಿದ್ದು ಎಂದಾಗಲೂ ಬಾಯಲ್ಲಿ ಸೂಜಿ ಇದ್ದೇ ಇತ್ತು. ಸೂಜಿಯ ಸಂದಿನಿಂದಲೇ ‘ನಾನೇ’ ಎಂದ.

‘ಅವಳು ನಿಜ ಹೇಳ್ತಾಳೆ ಅಂತ ಕಾದೆ,’ ಎಂದ ಮಾಸ್ಟರ್. ‘ಒಂದು ವರ್ಷ, ಎರಡು ವರ್ಷ. ಹೇಳಲಿಲ್ಲ, ನೋಡೋಕೂ ಬರಲಿಲ್ಲ. ಆಮೇಲೆ ಸತ್ತೋದ್ಲು. ಸತ್ತವಳ ಮೇಲೆ ಏನಂತ ಹೇಳಲಿ? ಗುಬ್ಬಿಗೆ ಇರೋದು ಅವಳೊಬ್ಬಳು ಅಮ್ಮ.’

ಪೇಸ್ಟುವಿನ ಕಣ್ಣಲ್ಲಿ ನೀರಿತ್ತು. ಮಾಸ್ಟರ್ ಅವನ ಕೈ ಹಿಡಿದುಕೊಂಡ. ‘ಇದು ಸಿನಿಮಾದಲ್ಲಿ ಬರಬಾರದು. ಒಂದು ಮಾತೂ ಬರಬಾರದು. ಮಾತು ಕೊಡು.’

‘ಒಂದು ಮಾತೂ ಬರಲ್ಲ ಅಣ್ಣಾ,’ ಎಂದ ಪೇಸ್ಟು. ಮಾಸ್ಟ್ರೇ ಎನ್ನುತ್ತಿದ್ದವನು ಅಂದು ಮೊದಲ ಸಲ ಅಣ್ಣಾ ಎಂದ.

ಸಿನಿಮಾ ಬಿಡುಗಡೆಯಾದಾಗ ಮೂರನೇ ಸಾಲಿನ ಎರಡು ಟಿಕೆಟ್ ಮನೆಗೇ ಬಂದವು. ಗುಬ್ಬಿ ಅರ್ಧ ದಿನ ರಜೆ ಹಾಕಿದಳು. ತಂದೆಗೆ ಅವನೇ ಹೊಲಿದ, ಅವನೇ ಎಂದೂ ಹಾಕದ ಕೋಟು ಹಾಕಿಸಿದಳು. ಮಧ್ಯಾಹ್ನದ ಆಟ. ‘ನಮ್ಮ ಚಿಕ್ಕಪ್ಪ’ ಎಂದು ಅವಳು ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೂ ಹೇಳಿದ್ದಳು.

ಇನ್ನು ಸಿನಿಮಾದ ಕಥೆ ಕೇಳಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಹಾಗೆ, ಬಾಡಿಗೆ ಕಟ್ಟಲಾಗದ ದರ್ಜಿ ಹಡಗಿನ ಮೇಲೆ ಹತ್ತಿಪ್ಪತ್ತು ಹುಡುಗಿಯರ ಜೊತೆ ಹಾಡಿಗೆ ಹೋಗುತ್ತಾನೆ. ಕತ್ತರಿ ಅಡ್ಡ ಹಿಡಿದು ಗುಂಡನ್ನು ತಡೆಯುತ್ತಾನೆ. ಎಡಗೈಗೆ ಏಟು ಬಿದ್ದರೆ ಬಲಗೈಗೆ ಪಟ್ಟಿ ಕಟ್ಟಿಕೊಂಡು ಬರುತ್ತಾನೆ. ಖಳನ ಕೋಟಿನ ಗುಂಡಿಗಳು ಹೆಂಗಸರ ಅಂಗಿಯ ಹಾಗೆ ಎಡಗಡೆಗಿವೆ ಎಂದು ಮಾಸ್ಟರ್ ಗೊಣಗಿದ, ಗುಬ್ಬಿ ಮೊಣಕೈಯಿಂದ ತಿವಿದಳು.

ಆದರೆ ಪೇಸ್ಟು ತೆರೆಯ ಮೇಲೆ ಬಂದಾಗಲೆಲ್ಲ ಚಿತ್ರಮಂದಿರ ಬದಲಾಗುತ್ತಿತ್ತು. ಹಲ್ಲೇ ಕಾಣಿಸುತ್ತಿರಲಿಲ್ಲ. ಆ ಇಳಿದ ಭುಜ, ನಡೆಯುವಾಗ ಗೋಡೆಯ ಪಕ್ಕಕ್ಕೇ ಸರಿಯುವ ಜೈಲಿನ ಅಭ್ಯಾಸ, ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುವ ಚಾಳಿ, ಎಲ್ಲ ಮಾಸ್ಟರ್‌ನವೇ. ಶಿಳ್ಳೆ ಹೊಡೆಯಲು ಬಂದ ಪಡ್ಡೆಗಳೂ ಬಾಯಿ ಮುಚ್ಚಿದರು. ಮಾಸ್ಟರ್ ತನ್ನನ್ನು ತಾನು ಬೆನ್ನಿನ ಕಡೆಯಿಂದ ನೋಡಿದ್ದು ಅದೇ ಮೊದಲು. ಪಾಪ, ಈ ಮನುಷ್ಯ ಎಷ್ಟು ದಣಿದಿದ್ದಾನೆ ಎನ್ನಿಸಿತು.

ಆಮೇಲೆ ಪೊಲೀಸ್ ಠಾಣೆಯ ದೃಶ್ಯ ಬಂತು. ಅಧಿಕಾರಿ ಮೇಜು ಗುದ್ದಿ, ‘ಯಾರು ಮಾಡಿದ್ದು?’ ಎಂದು ಕೇಳಿದ. ಪೇಸ್ಟುವಿನ ಖಾಲಿ ಕೈ ಮೆಲ್ಲಗೆ ತುಟಿಯ ಹತ್ತಿರ ಹೋಯಿತು. ಇಲ್ಲದ ಸೂಜಿಗಳನ್ನು ಒಂದೊಂದಾಗಿ ತುಟಿಗಳ ನಡುವೆ ಇಟ್ಟುಕೊಂಡ. ತುಟಿ ಬಿಗಿಯಾಯಿತು. ಬಾಗಿಲಲ್ಲಿ ಹೆಂಡತಿಯ ಪಾತ್ರದವಳು ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು ನಿಂತಿದ್ದಳು, ಅವಳ ಕೈ ಶಾಲಿನೊಳಗಿತ್ತು. ಪೇಸ್ಟು ಆ ಶಾಲನ್ನು ನೋಡಿದ. ಗದ್ದ ಒಂಚೂರು ಎತ್ತಿದ. ಆಮೇಲೆ ಸೂಜಿಯ ಸಂದಿನಿಂದ ಬರುವ ದನಿಯಲ್ಲಿ ‘ನಾನೇ’ ಎಂದ.

ಅವನ ಬಾಯಿಂದ ಬಂದ ಮಾತು ಅದೊಂದೇ. ಮುಂದಿನ ದೃಶ್ಯದಲ್ಲಿ ಅದೇ ಹೀರೋ ಕತ್ತರಿ ಬೀಸುವುದನ್ನು ರಕ್ತ ಚಿಮ್ಮಿಸಿ ತೋರಿಸಿದರು. ಕಥೆ ಒಂದು ಹೇಳುತ್ತಿತ್ತು, ಅವನ ಮುಖ ಇನ್ನೊಂದು ಹೇಳಿತ್ತು. ಹಿಂದಿನ ಸಾಲಿನವನೊಬ್ಬ, ‘ಇವನು ಮಾಡಿದ್ನೋ ಇಲ್ವೋ ಮಾರಾಯಾ?’ ಎಂದು ಗೆಳೆಯನನ್ನು ಕೇಳಿದ.

ಗುಬ್ಬಿ ಯಾರನ್ನೂ ಕೇಳಲಿಲ್ಲ. ಅವಳು ತೆರೆ ಬಿಟ್ಟು ಪಕ್ಕಕ್ಕೆ ತಿರುಗಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ಟರ್‌ನ ಕೈ ತಾನಾಗಿಯೇ ತುಟಿಗೆ ಹೋಗಿ ಅಲ್ಲೇ ನಿಂತಿತ್ತು. ಅವನು ಗಡಬಡಿಸಿ ಕೈ ಇಳಿಸಿದ. ಅಷ್ಟರಲ್ಲಿ ನೋಡಬೇಕಾದವಳು ನೋಡಿಯಾಗಿತ್ತು.

ಆಟ ಮುಗಿದ ಮೇಲೆ ಹೊರಗೆ ಕ್ಯಾಮೆರಾಗಳ ನಡುವಿನಿಂದ ಪೇಸ್ಟು ಓಡಿಬಂದು ಮಾಸ್ಟರ್‌ನ ಕಾಲಿಗೆ ಬಗ್ಗಿದ. ‘ಇವರೇ ನನ್ನ ಗುರು!’ ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಗುಬ್ಬಿ ನಿಲ್ಲದೆ ಮೆಟ್ಟಿಲು ಇಳಿದುಹೋದಳು. ಮಾಸ್ಟರ್ ಅವನ ರಟ್ಟೆ ಹಿಡಿದು ಕಂಬದ ಹಿಂದಕ್ಕೆ ಎಳೆದ.

‘ಏನೋ ಮಾಡ್ದೆ?’

‘ಅಣ್ಣಾ, ಒಂದು ಮಾತೂ ಬಂದಿಲ್ಲ. ಕೊಟ್ಟ ಮಾತು ಉಳಿಸ್ಕೊಂಡಿದ್ದೀನಿ.’

‘ಮಾತಂತೆ ಮಾತು! ನನ್ನ ಮುಖಾನೇ ಬಿಚ್ಚಿ ತೋರಿಸಿದ್ಯಲ್ಲೋ. ಗುಬ್ಬಿಗೆ ಗೊತ್ತಾಗೋಯ್ತು.’

ಪೇಸ್ಟುವಿನ ಮುಖ ಬಿಳಿಚಿಕೊಂಡಿತು. ‘ಕ್ಯಾಮೆರಾ ಮುಂದೆ ನಿಂತಾಗ ಬೇರೆ ಏನೂ ಹೊಳೀಲಿಲ್ಲ ಅಣ್ಣಾ. ನನ್ನ ಜನ್ಮದಲ್ಲೇ ಒಂದು ಸಲ ನಿಜವಾಗಿ ನಟಿಸಿದ್ದು ಅದೇ.’

‘ಆ ಸೀನನ್ನ ಅವರೇ ಇಟ್ಕೊಂಡ್ರಾ, ನೀನು ಇಡಿಸಿದ್ಯಾ?’

ಪೇಸ್ಟು ಅಂದೂ ಸುಳ್ಳು ಹೇಳಲಿಲ್ಲ. ‘ಕಥೆಗೆ ಹೊಂದಲ್ಲ, ತೆಗೀರಿ ಅಂದ್ರು. ನಾನೇ ಜಗಳ ಆಡಿ ಇಡಿಸ್ದೆ.’

ಮೊದಲ ದಿನ ಅವನು ಹೇಳಿದ ನಿಜಕ್ಕೆ ಬಿದ್ದಿದ್ದ ಮಾಸ್ಟರ್‌ಗೆ ಈ ನಿಜ ನುಂಗಲಾಗಲಿಲ್ಲ. ಇವನು ತಿಳಿಯದೆ ಮಾಡಿದ್ದಲ್ಲ. ಉಂಡ ಮನೆಗೆ ಎರಡು ಬಗೆದಿದ್ದಾನೆ, ಎಣಿಸಿ, ತೂಗಿ, ಜಗಳ ಆಡಿ ಬಗೆದಿದ್ದಾನೆ. ಅದೂ ಈ ಪಾಪಿ ಎಷ್ಟು ಚೆನ್ನಾಗಿ ಮಾಡಿದ್ದಾನೆ! ಕೆಟ್ಟದಾಗಿ ಮಾಡಿದ್ದರೆ ಗುಬ್ಬಿ ನಕ್ಕು ಮನೆಗೆ ಬರುತ್ತಿದ್ದಳು. ಮಾಸ್ಟರ್‌ಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈ ಎತ್ತಿದರೆ ಎದುರಿಗಿದ್ದದ್ದು ತನ್ನದೇ ಒಣಗಿದ ಕೆನ್ನೆ, ತನ್ನದೇ ಇಳಿದ ಭುಜ. ಕೈ ಇಳಿಸಿ ಹೊರಟುಬಂದ.

ಆ ಸಂಜೆ ಗುಬ್ಬಿ ತಲೆನೋವು ಎಂದು ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ಮಾಸ್ಟರ್ ಅಂಗಡಿ ತೆರೆದು ಕುಳಿತಾಗ ಕೆಲಸದ ಬಟ್ಟೆ ಹಾಕಿಕೊಂಡು ಬಂದು ಮೇಜಿನ ಎದುರು ನಿಂತಳು. ಗೋಡೆಯ ಫೋಟೋ ನೋಡಿದಳು. ಫೋಟೋದಲ್ಲಿದ್ದವಳು ಎಂದಿನ ಹಾಗೆ ನಗುತ್ತಿದ್ದಳು.

‘ಅಪ್ಪಾ, ಅಮ್ಮನಾ?’

ಮಾಸ್ಟರ್‌ನ ಕೈ ಸೂಜಿಮೆತ್ತೆಯ ಕಡೆ ಹೊರಟಿತು. ಅವಳು ಅದಕ್ಕಿಂತ ಮೊದಲೇ ಮೆತ್ತೆಯನ್ನು ಎತ್ತಿಕೊಂಡಳು. ‘ಖಾಲಿ ಬಾಯಲ್ಲಿ ಹೇಳು.’

‘ನಾನೇ,’ ಎಂದ. ಅಂದ ಕೂಡಲೇ ತನಗೇ ಕೇಳಿಸಿತು: ನಿನ್ನೆ ಕತ್ತಲಲ್ಲಿ ಕೇಳಿದ್ದರ ನಕಲಿನ ಹಾಗಿತ್ತು. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಒಂದೇ ಒಂದು ಸುಳ್ಳು, ಅದೂ ಈಗ ಅವನದ್ದಾಗಿ ಉಳಿದಿರಲಿಲ್ಲ.

‘ಚಿಕ್ಕಪ್ಪ ಇದಕ್ಕಿಂತ ಚೆನ್ನಾಗಿ ಹೇಳಿದ್ದ,’ ಎಂದಳು ಗುಬ್ಬಿ. ‘ಅಜ್ಜಿ ಸಾಯೋ ತನಕ ನಿನಗೆ ಶಾಪ ಹಾಕಿದ್ಲು. ನಾನೂ ಹಾಕಿದೀನಿ, ಗೊತ್ತಾ? ಚಿಕ್ಕೋಳಿದ್ದಾಗ, ನೀನು ಅಲ್ಲೇ ಸತ್ತೋಗ್ಲಿ ಅಂತ ದಿನಾ ಬೇಡ್ಕೊಂಡಿದೀನಿ. ನಿಮ್ಮಿಬ್ಬರಿಗೂ ಗೊತ್ತಿತ್ತು. ಅಮ್ಮ ಕೂತು ಕೇಳಿಸ್ಕೊಂಡ್ಲು. ನೀನು ಬಂದು ಈ ಫೋಟೋಗೆ ಮೊಳೆ ಹೊಡೆದೆ.’

‘ನಿನಗೋಸ್ಕರ ಗುಬ್ಬಿ. ನಿನಗೆ ಅಮ್ಮ ಅಂತ ಒಬ್ಬಳಾದ್ರೂ…’

‘ನನಗೋಸ್ಕರ ಅಂದ್ರೆ ನನಗೆ ಹೇಳಬೇಕಿತ್ತು. ಯಾರಿಗೆ ಹೇಳ್ದೆ? ನಾಲ್ಕು ದಿನದಿಂದ ಕಾಜ ಕಲಿಯೋಕೆ ಬಂದವನಿಗೆ ಹೇಳ್ದೆ. ನಾನು ಆರು ವರ್ಷದಿಂದ ಇದೇ ಮೇಜಿನ ಮುಂದೆ ನಿಂತು ಕೇಳ್ತಾ ಇದ್ದೆ. ನನಗೆ ಸೂಜಿ ತೋರಿಸ್ದೆ.’

ನಿನ್ನೆಯಿಂದ ಪೇಸ್ಟುವಿನ ಮೇಲೆ ಹಲ್ಲು ಕಡಿಯುತ್ತಿದ್ದ ಮಾಸ್ಟರ್‌ಗೆ ಈಗ ಹಲ್ಲು ಕಡಿಯಲು ತನ್ನನ್ನು ಬಿಟ್ಟು ಬೇರೆ ಯಾರೂ ಉಳಿಯಲಿಲ್ಲ. ಹೆಂಡತಿ ತನಗೆ ಮಾಡಿದ್ದು ಏನು, ಪೇಸ್ಟು ಮಾಡಿದ್ದು ಏನು, ಎರಡೂ ಅವನಿಗೆ ಬಾಯಿಪಾಠವಾಗಿದ್ದವು. ತಾನು ಮಗಳಿಗೆ ಮಾಡಿದ್ದು ಅದೇ ಎಂದು ಇವತ್ತಿನವರೆಗೆ ಹೊಳೆದಿರಲಿಲ್ಲ. ಅವನು ಎದ್ದು ನಿಂತ. ಮೇಜು ಹಿಡಿದುಕೊಂಡ. ಹೇಳಿಬಿಡಬೇಕು, ಎಲ್ಲ ಹೇಳಿಬಿಡಬೇಕು: ಆ ಮಧ್ಯಾಹ್ನ, ಆ ಕೂಗಾಟ, ಅವಳು ಎಷ್ಟು ಹೆದರಿದ್ದಳು, ಅವಳು ಕೆಟ್ಟವಳಲ್ಲ, ಹೆದರಿದವಳು ಅಷ್ಟೇ. ಮೊದಲ ಸಲ ಅವನ ತುಟಿಗಳು ತೆರೆದವು.

‘ಗುಬ್ಬಿ, ಅವತ್ತು ನಿಮ್ಮಮ್ಮ…’

ಅವಳು ಕೈ ಅಡ್ಡ ಹಿಡಿದಳು.

‘ಬೇಡ,’ ಎಂದಳು. ‘ಅದನ್ನ ನೋಡಾಯ್ತು. ಮೂರನೇ ಸಾಲಲ್ಲಿ ಕೂತು, ಎಲ್ಲರ ಜೊತೆ ನೋಡಾಯ್ತು. ತಿಂಡಿ ಮುಚ್ಚಿಟ್ಟಿದೀನಿ, ಆರೋಗುತ್ತೆ. ನೀವು ತಿಂದ್ಬಿಡಿ.’

ಸೂಜಿಮೆತ್ತೆಯನ್ನು ಅವನ ಕೈಗೆ ಸಿಗುವ ಹಾಗೆ ಮೇಜಿನ ಮೇಲೆ ಇಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಹೋದಳು. ಅಭ್ಯಾಸ ಎನ್ನುವುದು ನೋಡಿ, ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ತಿರುಗಿದಳು. ಮಾಸ್ಟರ್ ಗದ್ದವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. ಎತ್ತಲು ಧೈರ್ಯವಾಗಲಿಲ್ಲ. ಅವಳು ಹೋದಳು.